ಉಳಿದ ಪಿನ್ನನ್ನೂ ತನ್ನಿ

ಏರ್ ರೈಫಲ್ ರಿಪೇರಿಯ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹತ್ತಕ್ಕೆ ಎಂಟು ‘ವಿಡಿಯೊ ನೋಡಿ ನಾನೇ ಬಿಚ್ಚಿದೆ’ ಎಂದೇ ಶುರುವಾಗುತ್ತವೆ. ಬಿಚ್ಚುವ ಮೊದಲು ಒಬ್ಬರೂ ಕೇಳುವುದಿಲ್ಲ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಮಿಕ್ಕವಕ್ಕೆ ಅಷ್ಟು ಜಾಗವೂ ಇಲ್ಲ, ತಾಳ್ಮೆಯೂ ಇಲ್ಲ.

ಬ್ಯಾರಲ್ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ರೈಫಲ್ ನನ್ನದು. ಪಿಸ್ಟನ್ ತುದಿಯ ವಾಷರ್ ಸವೆದಿತ್ತು, ನಾನೇ ಹೊಸದು ಹಾಕಿ ಜೋಡಿಸಿದೆ. ಈಗ ಹೊಡೆದರೆ ಜೋರು ಸದ್ದು, ಬ್ಯಾರಲ್ ಬಾಯಲ್ಲಿ ಹೊಗೆ. ಹತ್ತು ಮೀಟರಿಗೇ ಪೆಲೆಟ್ ಚೆದುರುತ್ತಿದೆ. ಗಟ್ಟಿ ಸ್ಪ್ರಿಂಗ್ ಹಾಕಿಸಲೇ?

ಬೇಡ. ಸ್ಪ್ರಿಂಗ್ ಏನು ತಪ್ಪು ಮಾಡಿದೆ?

ಮೊದಲು ಹೊಗೆಯ ಮಾತು. ಟ್ಯೂಬಿನೊಳಗೆ ಪಿಸ್ಟನ್ ಮುಂದೆ ನುಗ್ಗಿದಾಗ ಗಾಳಿ ಒಮ್ಮೆಲೇ ಒತ್ತಿ ಕಾಯುತ್ತದೆ. ವಾಷರಿನ ಮುಂದೆ ಎಣ್ಣೆ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆಗುವುದೂ ಇದೇ. ‘ಒಂದು ಹನಿ ಬಿಟ್ಟರೆ ಪವರ್ ಏರುತ್ತೆ’ ಎಂದು ಹೇಳಿಕೊಡುವ ಮಹಾನುಭಾವರಿದ್ದಾರೆ. ಪವರ್ ಏರಿದರೂ ಅದು ಹಿಡಿತಕ್ಕೆ ಸಿಗದ ಪವರ್, ಜೊತೆಗೆ ಸದ್ದು. ವಾಷರ್ ಸುಡುತ್ತದೆ, ಸ್ಪ್ರಿಂಗ್ ತುಂಡಾಗುತ್ತದೆ, ಪ್ರತಿ ಹೊಡೆತದ ವೇಗ ಬೇರೆಬೇರೆಯಾಗುತ್ತದೆ. ಗ್ರೀಸ್ ಬೇಕಿರುವುದು ಪಿಸ್ಟನ್ನಿನ ಮೈಗೆ ಮತ್ತು ಸ್ಪ್ರಿಂಗಿಗೆ, ಅದೂ ಬೆರಳಿಗೆ ಹತ್ತಿದಷ್ಟು. ನೀವು ಇಡ್ಲಿ ತಟ್ಟೆಗೆ ಸವರಿದ ಹಾಗೆ ಸವರಿದ್ದೀರಿ.

ಎರಡನೆಯದು ವಾಷರ್. ಕಾಕ್ ಮಾಡುವ, ಅಂದರೆ ಸ್ಪ್ರಿಂಗನ್ನು ಅದುಮಿ ಹೊಡೆಯಲು ಸಜ್ಜುಮಾಡುವ, ಸಲಾಕೆ ಓಡಾಡಲೆಂದು ಟ್ಯೂಬಿನ ಕೆಳಗೆ ಉದ್ದಕ್ಕೆ ಸೀಳು ಇರುತ್ತದೆ. ಅದರ ಅಂಚು ಬ್ಲೇಡಿನಷ್ಟು ಚೂಪು. ಪಿಸ್ಟನ್ನನ್ನು ಒಳಗೆ ತಳ್ಳುವಾಗ ಹೊಸ ವಾಷರ್ ಆ ಅಂಚಿಗೆ ತಾಗಿ ಕಚ್ಚು ಬೀಳುತ್ತದೆ. ನೂರಕ್ಕೆ ತೊಂಬತ್ತು ಮಂದಿ ಇಲ್ಲೇ ಎಡವುತ್ತಾರೆ, ವಿಡಿಯೊದವರು ಇಲ್ಲೇ ಫಾಸ್ಟ್ ಫಾರ್ವರ್ಡ್ ಮಾಡುತ್ತಾರೆ. ಅಂಚನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಪುಡಿ ಪೂರ್ತಿ ಒರೆಸಿ, ಸೀಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಡ್ಡ ಕೊಟ್ಟು ನಿಧಾನಕ್ಕೆ ತಳ್ಳಬೇಕು. ಕಚ್ಚು ಬಿದ್ದ ವಾಷರ್ ಗಾಳಿ ಹಿಡಿಯುವುದಿಲ್ಲ. ಪಿಸ್ಟನ್ನಿಗೆ ಮುಂದೆ ಗಾಳಿಯ ಮೆತ್ತೆ ಸಿಗದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಪೆಲೆಟ್ ಇಡದೆ ಟ್ರಿಗರ್ ಒತ್ತಿ ‘ಚೆಕ್’ ಮಾಡುವವರೂ ಇದೇ ಹೊಡೆತ ಕೊಡಿಸುತ್ತಿರುತ್ತಾರೆ.

ಗುರಿ ಚೆದುರುವುದಕ್ಕೆ ಇಷ್ಟು ಆಳಕ್ಕೆ ಹೋಗುವ ಮೊದಲು ಮರದ ಹಿಡಿಯ ಸ್ಕ್ರೂಗಳನ್ನು ನೋಡಿ. ನನ್ನ ಹತ್ತಿರ ‘ಬ್ಯಾರಲ್ ಸೊಟ್ಟ’ ಎಂದು ಬಂದ ರೈಫಲುಗಳಲ್ಲಿ ಅರ್ಧದಷ್ಟು ಸ್ಕ್ರೂ ಬಿಗಿ ಮಾಡಿಸಿಕೊಂಡು ಮನೆಗೆ ಹೋಗಿವೆ. ಆಮೇಲೆ ಬ್ಯಾರಲ್ ಬುಡದ ರಬ್ಬರ್ ರಿಂಗ್. ಅದರ ಸುತ್ತ ಟಿಶ್ಯೂ ಪೇಪರಿನ ಚೂರು ಇಟ್ಟು, ಪೆಲೆಟ್ ಹಾಕಿ, ಗುರಿಹಲಗೆಗೆ ಹೊಡೆಯಿರಿ. ಚೂರು ಹಾರಿದರೆ ಗಾಳಿ ಅಲ್ಲಿ ಸೋರುತ್ತಿದೆ. ಸ್ಕೋಪ್ ಇದ್ದರೆ ಅದರ ಮೇಲೂ ಅನುಮಾನವಿರಲಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಎಳೆಯುತ್ತದೆ. ಇದಕ್ಕೆಂದೇ ಮಾಡಿರದ ಸ್ಕೋಪ್ ಈ ಎರಡೂ ಕಡೆಯ ಹೊಡೆತಕ್ಕೆ ಬಾಳುವುದಿಲ್ಲ.

ಗಟ್ಟಿ ಸ್ಪ್ರಿಂಗಿನ ‘ಪವರ್ ಕಿಟ್’ ಮಾರುವವರ ಬಗ್ಗೆ ಬರೆದರೆ ನನ್ನ ರಕ್ತದೊತ್ತಡ ಏರುತ್ತದೆ. ಪಿಸ್ಟನ್ ಇನ್ನೂ ಜೋರಾಗಿ ಹೋಗಿ ಗಾಳಿಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಪೆಲೆಟ್ಟಿಗೆ ಸಿಗುವುದು ಚೂರುಪಾರು, ಸಲಾಕೆ ಬಗ್ಗುವುದು ಗ್ಯಾರಂಟಿ.

ಇನ್ನು ಸ್ಪ್ರಿಂಗ್ ತೆಗೆದದ್ದು ಹೇಗೆ ಎಂದು ನೀವು ಬರೆದೇ ಇಲ್ಲ. ಎದೆಗೆ ಒತ್ತಿಕೊಂಡು ಪಿನ್ ತಟ್ಟಿರಬೇಕು. ಕಾಕ್ ಮಾಡದಿದ್ದರೂ ಆ ಸ್ಪ್ರಿಂಗ್ ಅದುಮಿಕೊಂಡೇ ಕೂತಿರುತ್ತದೆ. ಪಿನ್ ಹೊರಬಂದ ಗಳಿಗೆ ಹಿಂದಿನ ಬಿರಡೆ ಹಾರುತ್ತದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಹೀಗೇ ಶೂರನಾಗಿದ್ದೆ. ಬಲಗೈ ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟ. ಸ್ಪ್ರಿಂಗನ್ನು ಅದುಮಿ ಹಿಡಿಯುವ, ಮೇಜಿಗೆ ಬಿಗಿದ ಕಂಪ್ರೆಸರ್ ಇಲ್ಲದೆ ಆ ಪಿನ್ ಮುಟ್ಟಬೇಡಿ.

ಟ್ರಿಗರ್ ಭಾರವಾಗಿದೆ. ಪಿಸ್ಟನ್ನನ್ನು ಹಿಡಿದಿಡುವ ಕೊಕ್ಕೆಯನ್ನು ಸ್ವಲ್ಪ ಅರದಿಂದ ಉಜ್ಜಬಹುದೇ?

ಖಂಡಿತ ಕೂಡದು. ಉಜ್ಜಿದ ಕೊಕ್ಕೆ ತಾನಾಗಿಯೇ ಜಾರುತ್ತದೆ. ನೀವು ಪೆಲೆಟ್ ಇಡುತ್ತಿರುವಾಗ ಜಾರಿದರೆ ಬ್ಯಾರಲ್ ಫಟ್ಟನೆ ಮುಚ್ಚಿಕೊಂಡು ಬೆರಳು ಅಲ್ಲೇ ಉಳಿಯುತ್ತದೆ. ಕೊಕ್ಕೆ ಸರಿಯಿದ್ದಾಗಲೂ ಲೋಡ್ ಮಾಡುವಾಗ ಇನ್ನೊಂದು ಕೈಯಲ್ಲಿ ಬ್ಯಾರಲ್ ಗಟ್ಟಿಯಾಗಿ ಹಿಡಿದಿರಿ.

ಮಗಳು ಸ್ಪರ್ಧೆಗೆ ಬಳಸುವ ಏರ್ ರೈಫಲ್ಲಿನ ಗಾಳಿ ಸಿಲಿಂಡರಿಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಬಹುದೇ? ಗಾಳಿಗಿಂತ ಶುದ್ಧವಲ್ಲವೇ?

ಒತ್ತಿದ ಆಕ್ಸಿಜನ್ನಿಗೆ ಎಣ್ಣೆಯ ಪಸೆ ತಾಗಿದರೆ ಸಿಡಿಯುತ್ತದೆ. ತೇವವಿಲ್ಲದ ಗಾಳಿ, ಸಿಲಿಂಡರಿನ ಮೇಲೆ ಬರೆದಷ್ಟೇ ಒತ್ತಡ, ತಯಾರಾಗಿ 10 ವರ್ಷ ದಾಟಿದ್ದರೆ ಹೊಸ ಸಿಲಿಂಡರ್. ಇದರಲ್ಲಿ ಚೌಕಾಸಿ ಇಲ್ಲ.

ತೋಟಕ್ಕೆ ಕಾಡುಹಂದಿ ಬರುತ್ತವೆ. ಏರ್ ರೈಫಲ್ಲಿಗೆ ದೊಡ್ಡ ಬ್ಯಾರಲ್ ಕೂರಿಸಿದರೆ?

ಬ್ಯಾರಲ್ಲಿನ ಒಳ ಅಗಲ 0.177 ಇಂಚು ಅಥವಾ ಹೊರಡುವ ಪೆಲೆಟ್ಟಿನ ಶಕ್ತಿ 20 ಜೌಲ್ ದಾಟಿದರೆ ಲೈಸೆನ್ಸ್ ಬೇಕು ಎಂದು 2016ರ ಆಯುಧ ನಿಯಮಗಳು ಹೇಳುತ್ತವೆ. ಮನೆಯಲ್ಲಿ ಹಾಗೆ ಮಾರ್ಪಡಿಸುವುದು ಅಪರಾಧ. ಹಂದಿಯ ಕಷ್ಟ ಅರಣ್ಯ ಇಲಾಖೆಗೆ ಹೇಳಿ, ನನಗಲ್ಲ.

ನಾವು ಕೊಡವರು, ಅಜ್ಜನ ಕಾಲದ ಕೇಪಿನ ಕೋವಿ ಇದೆ. ಆಯುಧ ಪೂಜಿಸುವ ಕೈಲ್‌ಪೋಳ್ದ್ ಹಬ್ಬಕ್ಕೆ ಮುಂಚೆ ಬಿಚ್ಚಿ ತೊಳೆಯಲೇ?

ನಿಮಗಿರುವ ವಿನಾಯಿತಿ ಲೈಸೆನ್ಸಿನಿಂದ, ಮದ್ದಿನಿಂದಲ್ಲ. ಇಂಥ ಕೋವಿಗಳಲ್ಲಿ ಯಾರೋ ಯಾವಾಗಲೋ ತುಂಬಿಟ್ಟ ಮದ್ದುಗುಂಡು ಹಾಗೇ ಉಳಿದಿರುವುದುಂಟು. ಬಿಚ್ಚುವುದಿರಲಿ, ಕೇಪು ಕೂಡ ಮುಟ್ಟದೆ ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಹೇಳಿಕಳಿಸಿ. ಪೂಜೆಗೆ ಹೊರಗಿನ ಮೈ ಒರೆಸಿದರೆ ಸಾಕು.

ರೈಫಲ್ ಜೋಡಿಸಿದ ಮೇಲೆ ಒಂದು ಸಣ್ಣ ಪಿನ್ ಉಳಿದಿದೆ. ಆದರೂ ಚೆನ್ನಾಗಿ ಹೊಡೆಯುತ್ತಿದೆ. ಪರವಾಗಿಲ್ಲ ಅಲ್ಲವೇ?

ಕಾರ್ಖಾನೆಯವರು ಚಂದಕ್ಕೆಂದು ಪಿನ್ ಹಾಕುವುದಿಲ್ಲ ಸ್ವಾಮಿ. ಇನ್ನೊಂದು ಸಲವೂ ಕಾಕ್ ಮಾಡದೆ ತನ್ನಿ. ಪಿನ್ನನ್ನೂ ತನ್ನಿ.