ಕ್ಯಾಮೆರಾ ಕೆಳಗಿಡಬೇಕಿತ್ತೇ?

ತಿಪಟೂರಿನ ಓದುಗರೊಬ್ಬರು ಕೇಳಿದ್ದಾರೆ: ‘2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರದೊಳಗೆ ಅಗ್ನಿಶಾಮಕರ ಜೊತೆ ನಿಂತು ಚಿತ್ರ ತೆಗೆದವರ ಸಾಕ್ಷ್ಯಚಿತ್ರ ನೋಡಿದೆ. ಜನ ಸಾಯುತ್ತಿರುವಾಗ ಕ್ಯಾಮೆರಾ ಹಿಡಿದು ನಿಲ್ಲುವುದು ಸರಿಯೇ? ಕೆಳಗಿಟ್ಟು ಒಂದು ಕೈ ನೆರವಾಗಬಾರದಿತ್ತೇ?’

ಸಂಪಾದಕರ ಉತ್ತರ:

ನಿಮ್ಮ ಸಂಕಟ ಅರ್ಥವಾಗುತ್ತದೆ. ಅಪಘಾತವಾದ ಕೂಡಲೇ ಮೊಬೈಲ್ ಎತ್ತುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಆ ಸಿಟ್ಟನ್ನು ಇವರ ಮೇಲೆ ಹಾಕಬೇಡಿ.

ಆ ಚಿತ್ರ ತೆಗೆದ ಜೂಲ್ಸ್ ಮತ್ತು ಗೆಡಿಯೊನ್ ನೋಡೆ ಫ್ರಾನ್ಸಿನ ಅಣ್ಣತಮ್ಮಂದಿರು. ಅವರು ದುರಂತ ಹುಡುಕಿಕೊಂಡು ಹೋದವರಲ್ಲ. ನ್ಯೂಯಾರ್ಕಿನ ಡುವೇನ್ ಬೀದಿಯ ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೆಲಸ ಕಲಿಯುವುದನ್ನು ಚಿತ್ರಿಸಲು ಬೇಸಿಗೆಯಿಂದಲೇ ಅಲ್ಲಿದ್ದರು. ವಾರಗಟ್ಟಲೆ ದೊಡ್ಡ ಬೆಂಕಿಯೇ ಬೀಳಲಿಲ್ಲ. ಹಿಂದಿನ ರಾತ್ರಿ ಜೂಲ್ಸ್ ಠಾಣೆಯವರಿಗೆಲ್ಲ ಕುರಿಮಾಂಸದ ಅಡುಗೆ ಮಾಡಿ ಬಡಿಸಿದ್ದ. ಬೆಳಿಗ್ಗೆ ಗ್ಯಾಸ್ ವಾಸನೆ ಬರುತ್ತಿದೆ ಎಂಬ ಕರೆ ಬಂತು. ಕ್ಯಾಮೆರಾ ಕೈ ಪಳಗಲಿ ಅಂತ ಅವನೂ ಜೊತೆಗೆ ಹೋದ. 8.46ಕ್ಕೆ ತಲೆಯ ಮೇಲೆ ವಿಮಾನದ ಸದ್ದು. ಕ್ಯಾಮೆರಾ ಮೇಲೆತ್ತಿದ, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವಿಮಾನ ಬಡಿದ ಉತ್ತರ ದಿಕ್ಕಿನ ಗೋಪುರದ ಲಾಬಿಗೆ ಕಾಲಿಟ್ಟಾಗ ಪಕ್ಕದಲ್ಲೇ ಮೈಗೆ ಬೆಂಕಿ ಹತ್ತಿದವರಿದ್ದರು. ಜೂಲ್ಸ್ ಆ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಇದನ್ನು ಯಾರೂ ನೋಡಬಾರದು ಅಂತ ಆ ಗಳಿಗೆಯಲ್ಲೇ ನಿರ್ಧರಿಸಿದ. ಮೇಲಿಂದ ಜನ ಬೀಳುವುದನ್ನೂ ಚಿತ್ರ ಅಲ್ಲಿ ತೋರಿಸುವುದಿಲ್ಲ. ಧಡ್ ಅನ್ನುವ ಸದ್ದು ಕೇಳುತ್ತದೆ. ಸದ್ದಾದಾಗಲೆಲ್ಲ ಅಗ್ನಿಶಾಮಕರ ಕಣ್ಣು ಮೇಲಕ್ಕೆ ಹೋಗುತ್ತದೆ. ನಮಗೆ ಕಾಣುವುದು ಆ ಮುಖಗಳು ಮಾತ್ರ.

ಅಲ್ಲೇ ಅಗ್ನಿಶಾಮಕ ತುಕಡಿಯ ಮುಖ್ಯಸ್ಥ ಜೋಸೆಫ್ ಫೈಫರ್‌ಗೆ ತಮ್ಮ ಕೆವಿನ್ ಎದುರಾದರು. ಅವರೂ ಅಗ್ನಿಶಾಮಕರೇ. ಅಣ್ಣ ತಮ್ಮನನ್ನೂ ಮೇಲಕ್ಕೆ ಕಳಿಸಬೇಕಾಯಿತು. ಕೆವಿನ್ ವಾಪಸು ಬರಲಿಲ್ಲ. ಆ ದಿನ ಸತ್ತ 343 ಅಗ್ನಿಶಾಮಕರಲ್ಲಿ ಅವರೊಬ್ಬರು. ಪಕ್ಕದ ಗೋಪುರ ಕುಸಿದು ಸುತ್ತ ಕತ್ತಲಾದಾಗ ದಾರಿ ತೋರಿಸಿದ್ದು ಯಾವ ಬೆಳಕು, ಗೊತ್ತಾ? ನೀವು ಕೆಳಗಿಡು ಅನ್ನುತ್ತಿರುವ ಅದೇ ಕ್ಯಾಮೆರಾದ ದೀಪ. ಗೋಪುರ ಖಾಲಿ ಮಾಡಿ ಎಂದು ಫೈಫರ್ ವಾಕಿಟಾಕಿಯಲ್ಲಿ ಕೂಗುವುದೂ ಅದರಲ್ಲಿ ದಾಖಲಾಗಿದೆ. ಮೇಲಿದ್ದ ಎಷ್ಟೋ ಜನರಿಗೆ ಆ ಮಾತು ಮುಟ್ಟಲೇ ಇಲ್ಲ. ಜೂಲ್ಸ್ ಇಲ್ಲದಿದ್ದರೆ ಇದೆಲ್ಲ ಬರೀ ವರದಿಯ ಸಾಲಾಗಿ ಉಳಿಯುತ್ತಿತ್ತು, ಅಲ್ವಾ?

ನನ್ನ ಹೊಟ್ಟೆಯುರಿ ಬೇರೆಯೇ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. 9 ಜನ ಸತ್ತರು. ಕಿಟಕಿಯಿಂದ ಹಾರಿದವರ ದೃಶ್ಯ ನನ್ನ ಕಣ್ಣಲ್ಲಿ ಇನ್ನೂ ಇದೆ. ಏಣಿ ಹತ್ತಿದವರ ಮುಖ ಮಾತ್ರ ಒಂದೂ ನೆನಪಿಲ್ಲ. ಏಕೆಂದರೆ ನಾನದನ್ನು ನೋಡಿಯೇ ಇಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಫೈರ್‌ಮನ್ ಒಬ್ಬರಿದ್ದಾರೆ. ಒಮ್ಮೆ ಬೆಂಕಿ ಆರಿಸಿ ಹೊರಗೆ ಬಂದಾಗ ಯಾರೋ ಮೂತಿಗೆ ಮೈಕ್ ಹಿಡಿದು ‘ಹೇಗನ್ನಿಸ್ತು ಸಾರ್?’ ಅಂದರಂತೆ. ‘ನೀರು ಕುಡೀಬೇಕು’ ಅಂದೆ, ಅವರು ಮೈಕ್ ತಗೊಂಡು ಮುಂದೆ ಹೋದರು ಅಂತ ಹೇಳಿದರು. ಈಚೆಗೆ ನಾನು ಅವರ ಜಗಲಿಯಲ್ಲಿ ಸುಮ್ನೆ ಕೂತಿದ್ದೆ. ಎರಡನೇ ಲೋಟ ಕಾಫಿ ಮುಗಿದ ಮೇಲೆ ಅವರೇ ಮಾತು ಶುರು ಮಾಡಿದರು. ಕತ್ತಲಾದರೂ ನಿಲ್ಲಿಸಲಿಲ್ಲ.