ಹನ್ನೊಂದು ಕೋರ್ಸು ಕೊಂಡರೂ ಖಾಲಿ ಪುಟದ ಮುಂದೆ ಕೈ ಓಡದಿದ್ದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದೆ.)

ಸಲಹಾರ್ಥಿಗೆ 24 ವರ್ಷ. ಬಿ.ಕಾಂ. ಮುಗಿಸಿದ್ದಾರೆ. ಉತ್ತರ ಕರ್ನಾಟಕದ ತಾಲ್ಲೂಕು ಊರು, ಮನೆಯದು ಹಿಟ್ಟಿನ ಗಿರಣಿ. ಫ್ರಂಟ್-ಎಂಡ್ (ವೆಬ್ ಪುಟದಲ್ಲಿ ಕಣ್ಣಿಗೆ ಕಾಣುವ ಭಾಗ ಕಟ್ಟುವ) ಕೆಲಸ ಹಿಡಿಯಬೇಕೆಂದು 14 ತಿಂಗಳಿಂದ ವಿಡಿಯೊ ಕೋರ್ಸು ನೋಡುತ್ತಿದ್ದಾರೆ. ಕೊಂಡದ್ದು 11, ಮುಗಿಸಿದ್ದು 3. ನೋಟ್‌ಬುಕ್ಕಿನ ತುಂಬ ಅಚ್ಚುಕಟ್ಟಾದ ಬರಹವಿದೆ. ಹವಾಮಾನದ ಆ್ಯಪ್, ಕೆಲಸದ ಪಟ್ಟಿ, ಸಿನಿಮಾ ತಾಣದ ನಕಲು ಮುಂತಾಗಿ ನಾಲ್ಕು ಪ್ರಾಜೆಕ್ಟ್ ಇವೆ, ನಾಲ್ಕೂ ವಿಡಿಯೊ ನೋಡಿಕೊಂಡು ಟೈಪ್ ಮಾಡಿದವು. ಈಗ ಅಣ್ಣ ಸಾಲ ಮಾಡಿ 85,000 ರೂಪಾಯಿಯ ತರಬೇತಿಗೆ ಸೇರಿಸಲು ಹೊರಟಿದ್ದಾರೆ. ಆ ಸಾಲದ ಮಾತು ಬಂದಾಗಿನಿಂದ ಇವರಿಗೆ ಸರಿಯಾಗಿ ನಿದ್ದೆ ಇಲ್ಲ.

"ಮೇಡಂ, ಇದು ನನ್ನ ತಲಿಗೆ ಹತ್ತೂದಿಲ್ಲರಿ. ಅಣ್ಣನ ರೊಕ್ಕ ಸುಮ್ನ ಹಾಳು ಮಾಡಾಕತ್ತೇನಿ" ಎಂದರು.

ತಲೆಗೆ ಹತ್ತುತ್ತದೋ ಇಲ್ಲವೋ ಎಂಬುದನ್ನು ಮಾತಿನಲ್ಲಿ ತೀರ್ಮಾನಿಸುವುದು ಬೇಡವೆಂದು ಲ್ಯಾಪ್‌ಟಾಪ್ ತೆರೆಸಲಾಯಿತು. ವಿಡಿಯೊ, ನೋಟ್‌ಬುಕ್ ಎರಡನ್ನೂ ಮುಚ್ಚಿಟ್ಟು, ಗಿರಣಿಗೊಂದು ಪುಟ ಶುರು ಮಾಡಿ ಎಂದು ಹೇಳಿದೆವು. ನೆನಪಿನಿಂದಲೇ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು, ಪುಟ ಕಟ್ಟುವ ರಿಯಾಕ್ಟ್ ಎಂಬ ಲೈಬ್ರರಿಗೆ ಹೊಸ ಪ್ರಾಜೆಕ್ಟ್ ಸಿದ್ಧಮಾಡುವ 'ಕ್ರಿಯೇಟ್ ರಿಯಾಕ್ಟ್ ಆ್ಯಪ್' ಆಜ್ಞೆ ಕೊಟ್ಟರು. ಕೆಂಪು ಸಾಲುಗಳು ಬಂದವು. "ನೋಡ್ರಿ, ಮನ್ಯಾಗೂ ಹಿಂಗ ಆಗತೈತಿ" ಎನ್ನುತ್ತಲೇ ವಿಂಡೋ ಮುಚ್ಚಲು ಹೋದರು. ಮುಚ್ಚಬೇಡಿ, ಓದಿ ಎಂದು ತಡೆದೆವು. ಆ ಸಾಲುಗಳಲ್ಲಿದ್ದುದು ಇಷ್ಟೇ: ಪರೀಕ್ಷೆಗೆ ಬಳಸುವ ಒಂದು ಪ್ಯಾಕೇಜು (ಸಿದ್ಧ ಕೋಡಿನ ಕಟ್ಟು) ರಿಯಾಕ್ಟ್ 18 ಕೇಳುತ್ತಿದೆ, ಬಂದು ಕೂತಿರುವುದು ರಿಯಾಕ್ಟ್ 19. ರಿಯಾಕ್ಟ್ 19 ಹೊರಬಂದದ್ದು 2024ರ ಡಿಸೆಂಬರಿನಲ್ಲಿ. ಹೊಸ ಕೆಲಸಕ್ಕೆ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬಳಸಬೇಡಿ ಎಂದು ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಹೇಳಿದೆ. ಇವರ ಕೋರ್ಸು ಅದಕ್ಕೂ ಹಳೆಯದು.

ಟೇಲ್‌ವಿಂಡ್ (ಪುಟಕ್ಕೆ ರೂಪ ಕೊಡುವ ಸಾಧನ) ಕಥೆಯೂ ಇದೇ. ವಿಡಿಯೊದಲ್ಲಿದ್ದಂತೆ 'ಇನಿಟ್' ಆಜ್ಞೆ ಕೊಟ್ಟರೆ, ಓಡಿಸಬೇಕಾದದ್ದು ಯಾವುದೆಂದು ಗೊತ್ತಾಗುತ್ತಿಲ್ಲ ಎಂಬ ಉತ್ತರ ಬರುತ್ತದೆ. 2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿಯಲ್ಲಿ ಆ ಆಜ್ಞೆಯೇ ಇಲ್ಲ. ವೀಟ್ (ಪ್ರಾಜೆಕ್ಟನ್ನು ಶುರುಮಾಡಿ ಕಟ್ಟಿಕೊಡುವ ಸಾಧನ) ಜೊತೆ ಬಳಸುವುದಾದರೆ ಟೇಲ್‌ವಿಂಡ್ ಪ್ಲಗಿನ್ ಹಾಕಿ, ಸಿಎಸ್ಎಸ್ (ಪುಟದ ರೂಪ ಹೇಳುವ) ಕಡತದಲ್ಲಿ ಒಂದು ಇಂಪೋರ್ಟ್ ಸಾಲು ಬರೆದರೆ ಸಾಕು. ಇದೇ ದೋಷಕ್ಕೆ ಇವರು ಮನೆಯಲ್ಲಿ ಎರಡು ವಾರ ತಲೆ ಕೆಡಿಸಿಕೊಂಡು, ಲ್ಯಾಪ್‌ಟಾಪನ್ನೇ ಫಾರ್ಮ್ಯಾಟ್ ಮಾಡಿಸಿದ್ದರು.

ಅರ್ಧ ಗಂಟೆಯಲ್ಲಿ ಎರಡು ತಪ್ಪು, ಎರಡೂ ಅವರವಲ್ಲ. ಅವರಲ್ಲಿ ನಿಜವಾಗಿ ಕಂಡ ಕೊರತೆ ಒಂದೇ: ದೋಷದ ಸಂದೇಶವನ್ನು ಪೂರ್ತಿ ಓದುವ ರೂಢಿ ಆಗಿಲ್ಲ. ವಿಡಿಯೊದಲ್ಲಿ ಕಲಿಸುವವರು ದೋಷವನ್ನು ಕತ್ತರಿಸಿ ತೆಗೆದಿರುತ್ತಾರೆ. ನೋಡುವವರಿಗೆ ದೋಷ ಎಂದರೆ ತಮ್ಮ ದಡ್ಡತನ ಎನಿಸಿಬಿಡುತ್ತದೆ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕೆಂಪು ಸಾಲುಗಳನ್ನು ಮೇಲಿನಿಂದ ಮತ್ತೊಮ್ಮೆ ತಾವೇ ಓದಿದರು.

ಕೊಟ್ಟ ಸಲಹೆ ಹೀಗಿತ್ತು. ಹನ್ನೆರಡು ವಾರ, ದಿನಕ್ಕೆ ಎರಡು ಗಂಟೆ, ಹೊಸ ಕೋರ್ಸು ಕೊಳ್ಳುವಂತಿಲ್ಲ. ಕೋಡ್ ಬರೆಯಲು ವಿಎಸ್ ಕೋಡ್, ನೋಡಲು ಒಂದು ಬ್ರೌಸರ್, ಬದಲಾವಣೆಗಳ ದಾಖಲೆ ಇಡಲು ಗಿಟ್, ಇಷ್ಟೇ ಸಾಮಾನು. ಓದಲು ಎಂಡಿಎನ್ (ವೆಬ್ ತಂತ್ರಜ್ಞಾನದ ಆಕರ ತಾಣ), ಅಭ್ಯಾಸಕ್ಕೆ ಫ್ರೀಕೋಡ್‌ಕ್ಯಾಂಪ್, ಎರಡೂ ಪುಕ್ಕಟೆ. ಮಾಡಬೇಕಾದ ಕೆಲಸವೂ ಒಂದೇ: ಮನೆಯ ಗಿರಣಿಗೆ ಕನ್ನಡದಲ್ಲಿ ಒಂದು ಪುಟ, ಅದರಲ್ಲಿ ದರಪಟ್ಟಿ, ಬೀಸುವ ಲೆಕ್ಕ, ಗಿರಾಕಿಯ ಹೆಸರು ಬರೆದುಕೊಳ್ಳುವ ಫಾರ್ಮ್. ವಿಡಿಯೊದಲ್ಲಿ ಇಲ್ಲದ ಕೆಲಸವನ್ನೇ ಬೇಕೆಂದು ಆರಿಸಿದ್ದು, ನಕಲು ಮಾಡಲು ದಾರಿಯೇ ಇರಬಾರದು ಎಂದು.

ಮೊದಲ ಏಳು ವಾರ ಬರೀ ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್, ಅಂದರೆ ಪುಟದ ರಚನೆ, ರೂಪ, ವರ್ತನೆ. "ಕೆಲಸಕ್ಕ ರಿಯಾಕ್ಟ್ ಕೇಳ್ತಾರಲ್ರಿ" ಎಂದು ತಕರಾರು ಬಂತು. ಕೇಳುತ್ತಾರೆ, ನಿಜ. ಆದರೆ ಸಾಧನಗಳು ಎರಡು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತವೆ. ತಳದ ಮೂರು ಹಾಗಲ್ಲ. ಯುರೋಪಿನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಹುಟ್ಟಿ 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡ ಮೊದಲ ವೆಬ್ ಪುಟ ಇವತ್ತಿನ ಬ್ರೌಸರಿನಲ್ಲೂ ತೆರೆಯುತ್ತದೆ. ಕೈ ಮೊದಲು ಅಲ್ಲಿ ಕುದುರಬೇಕು.

ಸಿಕ್ಕಿಬಿದ್ದಾಗ ಏನು ಮಾಡಬೇಕೆಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟೆವು. ಎಫ್ 12 ಒತ್ತಿ ಬ್ರೌಸರಿನ ಕನ್ಸೋಲ್ (ದೋಷಗಳು ಕಾಣುವ ಫಲಕ) ನೋಡುವುದು. ದೋಷದ ಮೊದಲ ಸಾಲು ಮತ್ತು ಕಡತದ ಹೆಸರು, ಸಾಲಿನ ಸಂಖ್ಯೆ ಇವನ್ನು ಕೈಯಲ್ಲಿ ಬರೆದುಕೊಳ್ಳುವುದು. 20 ನಿಮಿಷ ಸ್ವಂತ ಹುಡುಕಾಟ. ಆಮೇಲೆ ಎಐ ಸಹಾಯಕನನ್ನು ಕೇಳಬಹುದು, ಆದರೆ "ಸರಿಮಾಡಿ ಕೊಡು" ಎಂದಲ್ಲ, "ಇದರ ಅರ್ಥ ಏನು" ಎಂದು. ಉತ್ತರದಲ್ಲಿ ಬಂದ ಕೋಡನ್ನು ಅಂಟಿಸದೆ ಟೈಪ್ ಮಾಡುವುದು.

ಎರಡನೇ ಭೇಟಿ ನಾಲ್ಕು ವಾರದ ಮೇಲೆ. ಪುಟ ಎದ್ದು ನಿಂತಿತ್ತು, ಆದರೆ ದರಪಟ್ಟಿಯಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಇಂಗ್ಲಿಷ್ ಪುಟದಿಂದ ತಂದ ಸಾಲೆತ್ತರ 1.1 ಇತ್ತು. ಕನ್ನಡಕ್ಕೆ 1.6ರಿಂದ 1.8 ಬೇಕು, ಇಲ್ಲವಾದರೆ ಒತ್ತು, ಕೊಂಬುಗಳಿಗೆ ಜಾಗವಿರುವುದಿಲ್ಲ. ಪುಟದ ಭಾಷೆ 'ಕೆಎನ್' ಎಂದು ಗುರುತಿಸಿಯೂ ಇರಲಿಲ್ಲ. ಕಣ್ಣು ಕಾಣದೆ, ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ನಂಬಿದವರಿಗೆ ಆ ಎರಡಕ್ಷರವೇ ದಾರಿ.

ಇನ್ನೊಂದು ತೊಡಕು ಕನ್ನಡದ್ದೇ. ಹೆಸರಿನ ಖಾನೆಗೆ ಗರಿಷ್ಠ 10 ಅಕ್ಷರ ಎಂದು ಮಿತಿ ಹಾಕಿದ್ದರು. 'ಲಕ್ಷ್ಮೀಬಾಯಿ' ಎಂದು ಬರೆದರೆ ಕೊನೆಯ ಗುಣಿತ ಸೇರದೆ 'ಲಕ್ಷ್ಮೀಬಾಯ' ಎಂದು ನಿಲ್ಲುತ್ತಿತ್ತು. ನಮ್ಮ ಕಣ್ಣಿಗೆ ಲ, ಕ್ಷ್ಮೀ, ಬಾ, ಯಿ ಎಂದು ನಾಲ್ಕೇ ಅಕ್ಷರ. ಬ್ರೌಸರ್ ಎಣಿಸುವುದು ಯೂನಿಕೋಡ್ ಚಿಹ್ನೆಗಳನ್ನು: ಲ, ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ವಿರಾಮ, ಮ, ಈಕಾರ, ಬ, ಆಕಾರ, ಯ, ಇಕಾರ, ಒಟ್ಟು 11. ಮಿತಿ ತೆಗೆಯಿರಿ, ಬೇಕೇ ಬೇಕಾದರೆ 60 ಇಡಿ ಎಂದೆವು.

ಆರನೇ ವಾರ ಲೆಕ್ಕದ ಭಾಗ. ಜೋಳ 5 ಕಿಲೋ, ಗೋಧಿ 10 ಕಿಲೋ, ಕಿಲೋಗೆ 6 ರೂಪಾಯಿ. 90 ಬರಬೇಕಿದ್ದಲ್ಲಿ ಪುಟ 3,060 ತೋರಿಸುತ್ತಿತ್ತು. ಗಾಬರಿಯಿಂದ ಫೋನ್ ಮಾಡಿದರು. ಕೂಡಿದ ಮೊತ್ತವನ್ನಷ್ಟೇ ಕನ್ಸೋಲಿನಲ್ಲಿ ಬರೆಸಿ ನೋಡಿ ಎಂದೆವು. 510 ಬಂತು. ಖಾನೆಯಿಂದ ಬರುವ ಬೆಲೆ ಯಾವಾಗಲೂ ಪಠ್ಯ. 'ಸಂಖ್ಯೆ' ಬಗೆಯ ಖಾನೆಯಾದರೂ ಅಷ್ಟೇ. ಎರಡು ಪಠ್ಯಗಳ ನಡುವೆ ಕೂಡು ಚಿಹ್ನೆ ಹಾಕಿದರೆ ಜಾವಾಸ್ಕ್ರಿಪ್ಟ್ ಅವನ್ನು ಪಕ್ಕಪಕ್ಕ ಅಂಟಿಸುತ್ತದೆ. ಗುಣಿಸುವಾಗ ಮಾತ್ರ ತಾನೇ ಸಂಖ್ಯೆಗೆ ಬದಲಿಸಿಕೊಳ್ಳುತ್ತದೆ. ಒಂದೇ ಧಾನ್ಯವಿದ್ದಾಗ ಲೆಕ್ಕ ಸರಿ ಬಂದು, ಎರಡಾದಾಗ ಕೆಟ್ಟದ್ದು ಇದಕ್ಕೇ. ಓದಿದ ಕೂಡಲೇ 'ನಂಬರ್' ಫಂಕ್ಷನ್ನಿನಲ್ಲಿ ಸುತ್ತಿಬಿಡುವುದು ಪರಿಹಾರ. ಖಾಲಿ ಖಾನೆಗೂ ಅದು 0 ಕೊಡುತ್ತದೆ, ಈ ಪುಟಕ್ಕೆ ಬೇಕಾದದ್ದೂ ಅದೇ.

ಎಂಟನೇ ವಾರ ವೀಟ್ ಮೂಲಕ ರಿಯಾಕ್ಟ್. ವೀಟ್ 7ಕ್ಕೆ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) 20.19 ಅಥವಾ 22.12 ಇಲ್ಲವೇ ಅದಕ್ಕಿಂತ ಹೊಸದು ಬೇಕು, ಮೊದಲು ಅದನ್ನು ನೋಡಿಕೊಳ್ಳಿ ಎಂದು ಎಚ್ಚರಿಸಿದ್ದೆವು. ಗಿಟ್‌ಹಬ್ ಪೇಜಸ್‌ಗೆ (ಪುಟವನ್ನು ಅಂತರ್ಜಾಲದಲ್ಲಿ ಇಡುವ ಸೇವೆ) ಏರಿಸಿದಾಗ ಪುಟ ಬರೀ ಬಿಳಿ. ನೆಟ್‌ವರ್ಕ್ ಫಲಕದಲ್ಲಿ 404ಗಳ (ಕಡತ ಸಿಗಲಿಲ್ಲ ಎಂಬ ಉತ್ತರ) ಸಾಲು: ವೀಟ್ ಸಂರಚನೆಯಲ್ಲಿ 'ಬೇಸ್' ಜಾಗಕ್ಕೆ ರೆಪೊಸಿಟರಿಯ (ಕೋಡ್ ಇಟ್ಟಿರುವ ಸಂಗ್ರಹದ) ಹೆಸರು ಹಾಕಿರಲಿಲ್ಲ. ಹಾಕಿದ ಮೇಲೂ ಗಿರಣಿಯ ಫೋಟೊ ಮಾತ್ರ ಬರಲಿಲ್ಲ. ಕಡತದ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ದೊಡ್ಡದು, ಕೋಡಿನಲ್ಲಿ ಸಣ್ಣದು. ವಿಂಡೋಸ್ ಆ ಭೇದ ಎಣಿಸುವುದಿಲ್ಲ, ಪೇಜಸ್ ಎಣಿಸುತ್ತದೆ.

85,000ದ ವಿಷಯಕ್ಕೆ ಅಣ್ಣನನ್ನೂ ಕರೆಸಿ ಮಾತಾಡಿದೆವು. ಸಾಲ ಬೇಡ ಎಂದು ನಾವಾಗಿ ಹೇಳಲಿಲ್ಲ. ತರಬೇತಿಯವರಲ್ಲಿ ಮೂರು ಪ್ರಶ್ನೆ ಕೇಳಿ ಬನ್ನಿ ಎಂದೆವು: ಪಾಠದಲ್ಲಿ ರಿಯಾಕ್ಟಿನ ಯಾವ ಆವೃತ್ತಿ ಇದೆ, ವಿದ್ಯಾರ್ಥಿಯ ಕೋಡನ್ನು ವಾರಕ್ಕೆ ಎಷ್ಟು ಸಲ ಒಬ್ಬ ಮನುಷ್ಯ ಕೂತು ಓದುತ್ತಾರೆ, ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್. ಎರಡನೆಯದಕ್ಕೆ ಉತ್ತರ ಸಿಗಲಿಲ್ಲ. ಅಣ್ಣ ತಾವೇ ಸಾಲದ ವಿಚಾರ ಮುಂದಕ್ಕೆ ಹಾಕಿದರು.

ಹನ್ನೊಂದನೇ ವಾರ ಅವರಿಂದ ಬಂದ ಸಂದೇಶದಲ್ಲಿ ಪ್ರಶ್ನೆ ಇರಲಿಲ್ಲ. ಎರಡೂವರೆ ಕಿಲೋ ಎಂದು 2.5 ಹಾಕಿದರೆ ಬ್ರೌಸರ್ ಒಪ್ಪದೆ, ಹತ್ತಿರದ ಸರಿಯಾದ ಬೆಲೆ 2 ಮತ್ತು 3 ಎನ್ನುತ್ತಿತ್ತಂತೆ. ಸಂದೇಶವನ್ನು ಚೀಟಿಯಲ್ಲಿ ಬರೆದುಕೊಂಡು ಎಂಡಿಎನ್‌ನಲ್ಲಿ ಹುಡುಕಿದ್ದಾರೆ. ಸಂಖ್ಯೆಯ ಖಾನೆಯ 'ಸ್ಟೆಪ್' (ಬೆಲೆ ಏರುವ ಹೆಜ್ಜೆ) ಏನೂ ಹೇಳದಿದ್ದರೆ 1 ಎಂದು ಗೊತ್ತಾಗಿ, ಅದನ್ನು 0.5 ಮಾಡಿದ್ದಾರೆ. "ಪಾವು ಕಿಲೋ ತರೋರೂ ಅದಾರ, ಅದಕ್ಕ ಆಮ್ಯಾಲ 0.25 ಮಾಡೀನ್ರಿ" ಎಂದು ಕೆಳಗೆ ಸೇರಿಸಿದ್ದರು.