ಸ್ಟಿಂಜಿ ಅಂತ ಯಾರಂದ್ರು?

ತಂಗಿ,

ಗುಳೇದಗುಡ್ಡದ ನಿಮ್ಮ ಸೋದರಮಾವನ ಬಗ್ಗೆ ಬರೆದು ಕಳಿಸಿದ ಲೇಖನ ಓದಿದೆ. ಮಗ್ಗದ ವಿವರ ಚೆನ್ನಾಗಿದೆ. ಖಣದ ಬಣ್ಣಗಳೂ ಕಣ್ಣಿಗೆ ಕಟ್ಟುತ್ತವೆ. ಉದ್ದ ಸ್ವಲ್ಪ ಜಾಸ್ತಿ, ಅದನ್ನು ನಾವೇ ನೋಡ್ಕೋತೀವಿ. ನನಗೆ ಸಿಟ್ಟು ಬಂದದ್ದು ಬೇರೆ ಕಡೆ.

ಮೊದಲ ಪ್ಯಾರಾದಲ್ಲಿ ಮಾವ ಸ್ಟಿಂಜಿ. ಎರಡನೆಯದರಲ್ಲಿ ಥ್ರಿಫ್ಟಿ. ಕೊನೆಗೆ ಬರುವಷ್ಟರಲ್ಲಿ ಫ್ರೂಗಲ್. ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಬದಲಿಸಿದ್ದೀರಿ, ಅಲ್ವಾ? ಪದದ ಜೊತೆ ಮಾವನೂ ಬದಲಾಗಿಬಿಟ್ಟರು.

"ಮಾವ ಬಹಳ ಸ್ಟಿಂಜಿ, ತುಂಡಾದ ಎಳೆಯನ್ನೂ ಎಸೆಯುತ್ತಿರಲಿಲ್ಲ." ಕೊಡಬೇಕಾದ ಕಡೆಯೂ ಕೈ ಬಿಚ್ಚದವನು ಸ್ಟಿಂಜಿ. ಅದು ಬೈಗುಳ. ನೂಲಿನ ಎಳೆ ಎತ್ತಿಟ್ಟರೆ ಯಾರಿಗೆ ಏನು ತಪ್ಪಿತು? ಹಾಳು ಮಾಡದೆ, ಲೆಕ್ಕ ಇಟ್ಟು ಬದುಕು ನಡೆಸುವವರಿಗೆ ಥ್ರಿಫ್ಟಿ ಅನ್ನುತ್ತಾರೆ. ಏಳಿಗೆ ಆಗು ಅನ್ನುವ ಅರ್ಥದ ಥ್ರೈವ್ ಇದರ ಬಳಗದ್ದೇ. ಮುಂದಿನ ಸಾಲು: "ಇಂಥ ಥ್ರಿಫ್ಟಿ ಮಾವ ನನ್ನ ಬಿ.ಎ. ಫೀಸು ಪೂರ್ತಿ ಕಟ್ಟಿದರು." ಸ್ಟಿಂಜಿ ಮನುಷ್ಯ ಫೀಸು ಕಟ್ಟುತ್ತಾನಾ? ನಿಮ್ಮ ಎರಡನೇ ಸಾಲೇ ಮೊದಲನೆಯದನ್ನು ಸುಳ್ಳು ಮಾಡುತ್ತಿದೆ. ಫ್ರೂಗಲ್ ಇರಲಿ. ದಿನಾ ರೊಟ್ಟಿ, ಪುಂಡಿಪಲ್ಲೆ, ಇರೋದೇ ಎರಡು ಧೋತರ. ಅಷ್ಟರಲ್ಲೇ ಸಾಕು ಅನ್ನೋರಿಗೆ ಅದು ಒಪ್ಪುತ್ತದೆ.

ನಾನು ವಿಜಯಪುರದ ಒಂದು ಸಣ್ಣ ಪತ್ರಿಕೆಯಲ್ಲಿ ಪ್ರೂಫ್ ನೋಡಲು ಸೇರಿದಾಗ ಅಲ್ಲೊಬ್ಬರು ಹಿರಿಯರಿದ್ದರು. ಮನುಷ್ಯನ ಗುಣ ಹೇಳುವ ಪದ ಕಂಡರೆ ಸಾಕು, ಕೆಂಪು ಸುತ್ತು ಹಾಕಿ ಪಕ್ಕದಲ್ಲಿ "ಯಾರಂದ್ರು?" ಅಂತ ಬರೆಯುತ್ತಿದ್ದರು. ಆ ಹಾಳೆ ಹಿಡ್ಕೊಂಡು ವರದಿಗಾರರ ಹತ್ತಿರ ಹೋಗಿ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಒಮ್ಮೆ ಆಲಮಟ್ಟಿ ಹಿನ್ನೀರಿಗೆ ಹೊಲ ಬಿಡಲು ಒಪ್ಪದ ಒಬ್ಬರ ಸುದ್ದಿ ಬಂತು. "ಹಠಮಾರಿ ರೈತ" ಅಂತ ಬರೆದಿತ್ತು. ಯಾರಂದ್ರು? ಹೊಲ ಕೇಳಲು ಹೋದ ಅಧಿಕಾರಿ. ರೈತನ ಹೆಂಡತಿಯನ್ನು ಯಾರೂ ಕೇಳಿರಲಿಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಇದನ್ನೇ ತಮಾಷೆ ಮಾಡಿದ್ದರು: ನಾನು ಫರ್ಮ್ (ದೃಢ), ನೀನು ಆಬ್ಸ್ಟಿನೇಟ್ (ಹಠಮಾರಿ), ಅವನು ಪಿಗ್-ಹೆಡೆಡ್ (ಮೊಂಡ) ಮೂರ್ಖ. ಮೂವರ ಗುಣವೂ ಒಂದೇ. ನಮ್ಮ ಹಿರಿಯರು ರಸೆಲ್‌ನನ್ನು ಓದಿದವರಲ್ಲ, ಆದರೂ ಕೆಂಪು ಪೆನ್ನು ಸರಿಯಾದ ಕಡೆಯೇ ನಿಲ್ಲುತ್ತಿತ್ತು.

ಇನ್ನೊಂದು ಕಿರಿಕಿರಿ. "ಪಂಚಮಿಗೆ ಮಕ್ಕಳ ಜೊತೆ ಜೋಕಾಲಿ ಆಡುವ ಚೈಲ್ಡಿಶ್ ಮಾವ." ಜೋಕಾಲಿ ಸಿಗಲಿಲ್ಲ ಅಂತ ಮುನಿಸಿಕೊಂಡು ಕೂತಿದ್ದರೆ ಚೈಲ್ಡಿಶ್. ನಗ್ತಾ ಜೀಕಿದರೆ ಚೈಲ್ಡ್‌ಲೈಕ್. ಗುಣ ಹೇಳುವಾಗ ಆ 'ಇಶ್' ಬಾಲ ಅಂಟಿದರೆ ಬಹಳ ಸಲ ಮೂದಲಿಕೆಯೂ ಅಂಟಿಕೊಳ್ಳುತ್ತದೆ. (ಇಂಗ್ಲಿಷ್ ಅನ್ನೋ ಪದಕ್ಕೂ ಅದೇ ಬಾಲ ಇದೆ. ಅಲ್ಲಿ ಪಾಪ, ಯಾರನ್ನೂ ಬೈದಿಲ್ಲ.)

ಕನ್ನಡ ಲೇಖನದಲ್ಲಿ ಇಂಗ್ಲಿಷ್ ಪದ ಬರಲೇಬಾರದು ಅಂತ ನನ್ನ ತಕರಾರಿಲ್ಲ. ಕಾಲೇಜಿಗೆ ಹೋದವರು ಹೀಗೇ ಮಾತಾಡ್ತಾರೆ. ಆದರೆ ಮಾವನನ್ನು ಯಾರಾದರೂ ಬೈಯಲೇಬೇಕು ಅಂದರೆ ಅತ್ತೆ ಬೈಯಲಿ. ಹಬ್ಬಕ್ಕೆ ಸೀರೆ ಕೇಳಿ ಸಿಗದೆ ಹೋದದ್ದನ್ನು ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಲ್ಲ. ಆಕೆ "ಜುಗ್ಗ" ಅಂದರೆ ನಾನು ಸುತ್ತು ಹಾಕಲ್ಲ. ತಿದ್ದಿ ಕಳಿಸಿ. ಫೋಟೋ ಬೇಡ, ಮಗ್ಗದ್ದು ನಮ್ಮ ಹತ್ತಿರ ಬೇಕಾದಷ್ಟಿವೆ.